ಹೊಸ ಫೋನ್ ತಂದ ದಿನವೇ ಮಾಡಿ ಮುಗಿಸಬೇಕಾದ ಕೆಲಸಗಳು

ಹೊಸ ಫೋನ್ ಬಂದ ತಕ್ಷಣ ಎಲ್ಲರೂ ಮಾಡುವುದು ಒಂದೇ. ವಾಟ್ಸಾಪ್ ಹಾಕಿಕೊಳ್ಳುವುದು, ಫೋನ್‌ಪೇಯೋ ಗೂಗಲ್ ಪೇಯೋ ಹಾಕಿಕೊಳ್ಳುವುದು, ಹಳೇ ಫೋಟೊಗಳೆಲ್ಲ ಬಂದಿವೆಯಾ ನೋಡುವುದು, ಅಲ್ಲಿಗೆ ಮುಗೀತು. ಮಿಕ್ಕಿದ್ದು ನಿಧಾನಕ್ಕೆ ಮಾಡೋಣ ಅಂತ ಬಿಟ್ಟುಬಿಡುತ್ತೇವೆ. ಮೆಜೆಸ್ಟಿಕ್‌ನಲ್ಲಿ ಬಸ್ ಹತ್ತುವ ನೂಕುನುಗ್ಗಲಲ್ಲಿ ಜೇಬು ಮುಟ್ಟಿ ನೋಡಿಕೊಂಡು ಫೋನ್ ಇಲ್ಲ ಅಂತ ಗೊತ್ತಾದ ಮೇಲೆ ಆ ಮಿಕ್ಕಿದ ಕೆಲಸ ಯಾವುದನ್ನೂ ಮಾಡಲು ಆಗುವುದಿಲ್ಲ.

ಅದಕ್ಕೇ ನಾನು ಎಲ್ಲರಿಗೂ ಹೇಳುವುದು ಇಷ್ಟು: ಈ ಫೋನ್ ಒಂದಲ್ಲ ಒಂದು ದಿನ ಕಳೆದುಹೋಗುತ್ತದೆ ಅಂದುಕೊಂಡೇ ಮೊದಲ ದಿನ ಸೆಟ್ ಮಾಡಿ. ಆಗ ಯಾವುದು ಮೊದಲು ಯಾವುದು ಕೊನೆಗೆ ಅನ್ನುವುದು ತಾನಾಗಿಯೇ ಗೊತ್ತಾಗುತ್ತದೆ. ಬೀಗಗಳು ಮೊದಲು, ದುಡ್ಡಿನ ಆ್ಯಪ್‌ಗಳು ಕೊನೆಗೆ. ಒಂದು ಭಾನುವಾರ ಮಧ್ಯಾಹ್ನ ಕೂತರೆ ಎಲ್ಲ ಮುಗಿಯುತ್ತದೆ. ಅಪ್ಪ ಅಮ್ಮನಿಗೆ ಫೋನ್ ಕೊಡಿಸುತ್ತಿದ್ದರೆ ಅವರ ಪಕ್ಕದಲ್ಲೇ ಕೂತು, ಅವರ ಕೈಯಲ್ಲೇ ಮಾಡಿಸಿ.

ಅಂಗಡಿಯಿಂದ ಹೊರಡುವ ಮುಂಚೆ

ಬಿಲ್ ಕೇಳಿ ತೆಗೆದುಕೊಳ್ಳಿ. ಜಿಎಸ್‌ಟಿ ಬಿಲ್, ಅದರ ಮೇಲೆ ಐಎಂಇಐ ನಂಬರ್, ಅಂದರೆ ಒಂದೊಂದು ಫೋನ್‌ಗೂ ಬೇರೆ ಬೇರೆ ಇರುವ ಗುರುತಿನ ನಂಬರ್, ಇರಬೇಕು. ಫೋನ್‌ನಲ್ಲಿ *#06# ಒತ್ತಿದರೆ 15 ಅಂಕಿಯ ಆ ನಂಬರ್ ಪರದೆ ಮೇಲೆ ಬರುತ್ತದೆ. ಎರಡು ಸಿಮ್ ಹಾಕುವ ಫೋನ್ ಆದರೆ ಎರಡು ನಂಬರ್. ಪರದೆ, ಡಬ್ಬ, ಬಿಲ್ ಮೂರರಲ್ಲೂ ಒಂದೇ ಇದೆಯಾ ನೋಡಿ. ಆಮೇಲೆ ಬಿಲ್ಲಿನ ಮತ್ತು ಡಬ್ಬದ ಫೋಟೊ ತೆಗೆದು ಮನೆಯಲ್ಲಿ ಬೇರೆಯವರ ಫೋನ್‌ಗೆ ಕಳಿಸಿ. ನಿಮ್ಮ ಫೋನ್‌ನಲ್ಲೇ ಇಟ್ಟುಕೊಂಡರೆ ಫೋನ್ ಜೊತೆ ಅದೂ ಹೋಗುತ್ತದೆ ಅಲ್ವಾ.

ಎಸ್‌ಪಿ ರೋಡಲ್ಲೋ ಗಾಂಧಿನಗರದ ನ್ಯಾಷನಲ್ ಮಾರ್ಕೆಟ್‌ನಲ್ಲೋ ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳುವವರು ಇನ್ನೊಂದು ಕೆಲಸ ಮಾಡಬೇಕು. ಕೇಂದ್ರ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಅನ್ನುವ ವೆಬ್‌ಸೈಟೂ ಆ್ಯಪೂ ಇದೆ. ಅದರಲ್ಲಿ ಐಎಂಇಐ ಹಾಕಿದರೆ ಆ ಫೋನ್ ಕಳವಾಗಿ ಬ್ಲಾಕ್ ಆಗಿದೆಯಾ, ನಕಲಿ ನಂಬರಾ ಅಂತ ತಿಳಿಯುತ್ತದೆ. ದುಡ್ಡು ಕೊಡುವ ಮುಂಚೆ ನೋಡಬೇಕು, ಕೊಟ್ಟ ಮೇಲಲ್ಲ. ಜೊತೆಗೆ ಮಾರುವವನ ಕೈಯಲ್ಲೇ ಹಳೇ ಗೂಗಲ್ ಅಕೌಂಟ್ ತೆಗೆಸಿ, ಫ್ಯಾಕ್ಟರಿ ರಿಸೆಟ್ (ಒಳಗಿರುವುದನ್ನೆಲ್ಲ ಅಳಿಸಿ ಹೊಸದರ ಹಾಗೆ ಮಾಡುವುದು) ಮಾಡಿಸಿ, ಮೊದಲ ಪರದೆ ಬರುವವರೆಗೂ ನಿಂತು ನೋಡಿ. ಹಳೇ ಅಕೌಂಟ್ ಪಾಸ್‌ವರ್ಡ್ ಕೇಳಿದರೆ ಆ ಫೋನ್ ಬೇಡ.

ಈಗ ಒಂದು ಮುಖ್ಯವಾದ ಮಾತು. ಬಹಳ ಅಂಗಡಿಗಳಲ್ಲಿ ಫೋನ್ ಕೊಡುವ ಹುಡುಗನೇ "ಕೊಡಿ ಮೇಡಂ, ಸೆಟ್ ಮಾಡಿ ಕೊಡ್ತೀನಿ" ಅಂತ ತೆಗೆದುಕೊಂಡು ಪಟಪಟ ಅಂತ ಒಂದು ಜಿಮೇಲ್ ಮಾಡಿಬಿಡುತ್ತಾನೆ. ಹೆಸರು ಏನೋ ಒಂದು, ಹಿಂದೆ ನಾಲ್ಕು ಅಂಕಿ, ಪಾಸ್‌ವರ್ಡ್ ಅವನಿಗೇ ಗೊತ್ತು, ಇಲ್ಲ ಅವನಿಗೂ ನೆನಪಿರುವುದಿಲ್ಲ. ಅವನದ್ದು ಕೆಟ್ಟ ಉದ್ದೇಶ ಅಂತ ನಾನು ಹೇಳುತ್ತಿಲ್ಲ, ಹಿಂದೆ ಇನ್ನೂ ನಾಲ್ಕು ಜನ ಕಾಯುತ್ತಿರುತ್ತಾರೆ, ಬೇಗ ಮುಗಿಸಬೇಕು ಅಷ್ಟೇ. ಆದರೆ ಆ ಅಕೌಂಟಿನೊಳಗೆ ಮುಂದೆ ನಿಮ್ಮ ಮೊಮ್ಮಗಳ ಫೋಟೊ, ಎಲ್ಲರ ನಂಬರ್, ವಾಟ್ಸಾಪ್ ಬ್ಯಾಕಪ್ ಎಲ್ಲ ಹೋಗಿ ಸೇರುತ್ತದೆ. ಫೋನ್ ಕಳೆದ ದಿನ ಅದನ್ನು ಹುಡುಕಬೇಕು ಅಂದರೂ ಲಾಕ್ ಮಾಡಬೇಕು ಅಂದರೂ ಅದೇ ಅಕೌಂಟ್ ಬೇಕು, ಪಾಸ್‌ವರ್ಡ್ ಮಾತ್ರ ಯಾರಿಗೂ ಗೊತ್ತಿರುವುದಿಲ್ಲ.

ಹಾಗಾಗಿ ಅಂಗಡಿಯಲ್ಲಿ ಫೋನ್ ಆನ್ ಆಗುತ್ತದೆಯಾ, ಪರದೆ ಮೇಲೆ ಗೀರಿದೆಯಾ, ಚಾರ್ಜ್ ಆಗುತ್ತದೆಯಾ ಇಷ್ಟು ನೋಡಿ ಸಾಕು. ಅಕೌಂಟ್ ಮನೆಗೆ ಬಂದು ಮಾಡಿಕೊಳ್ಳಿ. ಈಗಾಗಲೇ ಅಂಗಡಿಯವರು ಮಾಡಿಕೊಟ್ಟ ಜಿಮೇಲ್ ಬಳಸುತ್ತಿದ್ದೀರಾ? ಇವತ್ತೇ ಸೆಟ್ಟಿಂಗ್ಸ್‌ನಲ್ಲಿ ಗೂಗಲ್ ಅನ್ನುವ ಕಡೆ ಹೋಗಿ ಪಾಸ್‌ವರ್ಡ್ ಬದಲಾಯಿಸಿ. ಪಾಸ್‌ವರ್ಡ್ ಮರೆತಾಗ ಅಕೌಂಟ್ ವಾಪಸ್ ಪಡೆಯಲು ಬೇಕಾಗುವ ರಿಕವರಿ ಫೋನ್ ನಂಬರ್ ಜಾಗದಲ್ಲಿ ಯಾರ ನಂಬರ್ ಇದೆ ನೋಡಿ, ನಿಮ್ಮದಲ್ಲದಿದ್ದರೆ ತೆಗೆದು ನಿಮ್ಮದು ಹಾಕಿ.

ಅಕೌಂಟ್

ಹಳೇ ಜಿಮೇಲ್ ಇದ್ದರೆ ಅದನ್ನೇ ಹಾಕಿ. ಫೋನ್ ಬದಲಾಯಿಸಿದಾಗಲೆಲ್ಲ ಹೊಸದು ಮಾಡಬೇಡಿ. ಅಮ್ಮನ ಫೋನ್‌ಗೆ ಮಗನ ಜಿಮೇಲ್ ಹಾಕುವುದು ಇನ್ನೊಂದು ಅಭ್ಯಾಸ, ಅದೂ ಬೇಡ. ಅಮ್ಮನ ಫೋಟೊ ಮಗನಿಗೆ, ಮಗನ ಆಫೀಸಿನ ನಂಬರುಗಳು ಅಮ್ಮನಿಗೆ ಹೋಗಿ ಕಲಸಿಕೊಳ್ಳುತ್ತವೆ. ಅವರಿಗೆ ಅಂತ ಒಂದು ಮಾಡಿ, ನಿಮ್ಮ ನಂಬರನ್ನು ರಿಕವರಿಗೆ ಕೊಡಿ.

ಪಾಸ್‌ವರ್ಡ್ ಉದ್ದವಾಗಿರಲಿ. ನೆನಪಿಟ್ಟುಕೊಳ್ಳಲು ನಾಲ್ಕೈದು ಸಂಬಂಧವಿಲ್ಲದ ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಜೋಡಿಸಿದರೆ ಸಾಕು, ಊಹಿಸುವುದು ಬಹಳ ಕಷ್ಟ. ಹುಟ್ಟಿದ ವರ್ಷ, ಗಾಡಿ ನಂಬರ್, ಮಗಳ ಹೆಸರು ಇವು ಬೇಡ. ಅದನ್ನು ಡೈರಿಯಲ್ಲಿ ಬರೆದು ಬೀರುವಿನಲ್ಲಿ ಇಡುವುದು ತಪ್ಪೇನಲ್ಲ. ಮನೆಯ ಬೀರುವಿಗೆ ಕೈ ಹಾಕುವವನಿಗಿಂತ ದೂರದಲ್ಲಿ ಕೂತು ಪಾಸ್‌ವರ್ಡ್ ಊಹಿಸುವವರು ಜಾಸ್ತಿ.

ಇದರ ಜೊತೆ ಟೂ ಸ್ಟೆಪ್ ವೆರಿಫಿಕೇಶನ್ ಆನ್ ಮಾಡಿ, ಅಂದರೆ ಪಾಸ್‌ವರ್ಡ್ ಆದ ಮೇಲೆ ಇನ್ನೊಂದು ಕೋಡ್ ಕೂಡ ಕೇಳುವ ವ್ಯವಸ್ಥೆ. ಇಲ್ಲಿ ಒಂದು ತೊಡಕಿದೆ. ಫೋನ್ ಕಳೆದ ಮೇಲೆ ಬೇರೆಯವರ ಫೋನ್‌ನಿಂದ ನಿಮ್ಮ ಅಕೌಂಟಿಗೆ ಹೋಗಲು ನೋಡಿದರೆ, "ನಿಮ್ಮ ಫೋನ್‌ಗೆ ಕೋಡ್ ಕಳಿಸಿದ್ದೇವೆ" ಅನ್ನುತ್ತದೆ. ಕೋಡ್ ಹೋಗಿದ್ದು ಕಳೆದುಹೋದ ಫೋನ್‌ಗೇ! ಅದಕ್ಕೆ ಬ್ಯಾಕಪ್ ಕೋಡ್ಸ್ ಅಂತ ಇದೆ. ಅದೇ ಟೂ ಸ್ಟೆಪ್ ಪುಟದಲ್ಲಿ ಸಿಗುತ್ತದೆ, 8 ಅಂಕಿಯ 10 ಕೋಡ್‌ಗಳು, ಒಂದೊಂದೂ ಒಂದು ಸಲ ಮಾತ್ರ ನಡೆಯುತ್ತದೆ. ಕಾಗದದ ಮೇಲೆ ಬರೆದುಕೊಂಡು ಮನೆಯಲ್ಲಿ ಇಡಿ. ಈ ಲೇಖನದಲ್ಲಿ ಒಂದೇ ಕೆಲಸ ಮಾಡುತ್ತೀರಿ ಅಂದರೆ ಇದನ್ನೇ ಮಾಡಿ.

ಬೀಗಗಳು

ಪರದೆ ಬೀಗಕ್ಕೆ 6 ಅಂಕಿಯ ಪಿನ್ ಇಡಿ. ಗೆರೆ ಎಳೆಯುವ ಪ್ಯಾಟರ್ನ್ ಬೇಡ. ಮೆಟ್ರೊದಲ್ಲಿ ಪಕ್ಕ ನಿಂತವರಿಗೆ ಅದು ಒಂದೇ ನೋಟಕ್ಕೆ ಗೊತ್ತಾಗುತ್ತದೆ, ಗಾಜಿನ ಮೇಲೆ ಬೆರಳಿನ ಗುರುತೂ ಉಳಿಯುತ್ತದೆ. ಬೆರಳಚ್ಚು ಇಟ್ಟುಕೊಳ್ಳಿ, ಹೊರಗೆ ಪಿನ್ ಒತ್ತುವ ಪ್ರಮೇಯವೇ ಕಮ್ಮಿಯಾಗುತ್ತದೆ. ಇನ್ನು ಪರದೆಯ ಪಿನ್, ಯುಪಿಐ ಪಿನ್, ಎಟಿಎಂ ಪಿನ್ ಮೂರೂ ಒಂದೇ ಇಟ್ಟುಕೊಂಡವರು ಬಹಳ ಜನ ಇದ್ದಾರೆ. ದಯವಿಟ್ಟು ಇವತ್ತೇ ಬದಲಾಯಿಸಿ.

ಆಮೇಲೆ ನೋಟಿಫಿಕೇಶನ್. ಫೋನ್ ಲಾಕ್ ಆಗಿದ್ದರೂ ಪರದೆ ಮೇಲೆ ಒಟಿಪಿ ಪೂರ್ತಿ ಕಾಣುತ್ತಿದ್ದರೆ ಬೀಗ ಹಾಕಿ ಪ್ರಯೋಜನ ಇಲ್ಲ. ಸೆಟ್ಟಿಂಗ್ಸ್‌ನಲ್ಲಿ ಲಾಕ್ ಸ್ಕ್ರೀನ್ ನೋಟಿಫಿಕೇಶನ್ ಅಂತ ಹುಡುಕಿ, ಒಳಗಿನ ವಿಷಯ ಕಾಣದ ಹಾಗೆ ಮಾಡಿ. ಒಂದೊಂದು ಕಂಪನಿಯ ಫೋನಲ್ಲಿ ಒಂದೊಂದು ಕಡೆ ಇರುತ್ತದೆ. ಸೆಟ್ಟಿಂಗ್ಸ್ ಮೇಲ್ಗಡೆ ಹುಡುಕುವ ಜಾಗ ಇದೆಯಲ್ಲ, ಅಲ್ಲಿ ಟೈಪ್ ಮಾಡಿದರೆ ನೇರವಾಗಿ ಸಿಗುತ್ತದೆ. ಕೆಳಗೆ ನಾನು ಹೇಳುವ ಎಲ್ಲದಕ್ಕೂ ಹೀಗೇ ಮಾಡಿ.

ಇನ್ನೊಂದು ಸಣ್ಣ ವಿಷಯ, ಯಾರೂ ಗಮನಿಸುವುದಿಲ್ಲ. ಫೋನ್ ಲಾಕ್ ಇರುವಾಗಲೇ ಮೇಲಿನಿಂದ ಪರದೆ ಎಳೆದು ನೋಡಿ. ಫ್ಲೈಟ್ ಮೋಡ್ ಒತ್ತಿದರೆ ಆನ್ ಆಗಿಬಿಡುತ್ತದೆಯಾ? ಕಳ್ಳ ಮೊದಲು ಒತ್ತುವುದು ಅದನ್ನೇ. ಇಂಟರ್‌ನೆಟ್ ಹೋಯಿತೆಂದರೆ ನೀವು ಮನೆಯಲ್ಲಿ ಕೂತು ಫೋನ್ ಹುಡುಕುವುದು ಬಹಳ ಕಷ್ಟ. ಬಹಳಷ್ಟು ಫೋನ್‌ಗಳಲ್ಲಿ ಲಾಕ್ ತೆಗೆಯದೆ ಇವನ್ನು ಮುಟ್ಟಲು ಬಿಡದ ಸೆಟ್ಟಿಂಗ್ ಇರುತ್ತದೆ, ಸ್ಯಾಮ್‌ಸಂಗ್‌ನಲ್ಲಿ ಸೆಕ್ಯೂರ್ ಲಾಕ್ ಸೆಟ್ಟಿಂಗ್ಸ್ ಅಂತ ಹುಡುಕಿ. ಐಫೋನ್‌ನಲ್ಲಾದರೆ ಫೇಸ್ ಐಡಿ ಸೆಟ್ಟಿಂಗ್ ಒಳಗೆ ಕಂಟ್ರೋಲ್ ಸೆಂಟರ್ ಆಫ್ ಮಾಡಿ, ಲಾಕ್ ಇದ್ದಾಗ ಮಾತ್ರ ಅದು ತೆರೆಯುವುದಿಲ್ಲ.

ಆಂಡ್ರಾಯ್ಡ್‌ನಲ್ಲಿ ಥೆಫ್ಟ್ ಪ್ರೊಟೆಕ್ಷನ್ ಅಂತ ಹುಡುಕಿ, ಆನ್ ಮಾಡಿ. ನಮ್ಮೂರಿಗೆ ಇದು ಬೇಕೇ ಬೇಕು. ಫುಟ್‌ಪಾತಿನಲ್ಲಿ ಮಾತಾಡುತ್ತಾ ಹೋಗುವಾಗ ಬೈಕಲ್ಲಿ ಬಂದವರು ಕೈಯಿಂದ ಕಿತ್ತುಕೊಂಡು ಹೋದರು ಅಂದರೆ, ಆಗ ಫೋನ್ ಲಾಕ್ ಆಗಿರುವುದಿಲ್ಲ. ಆ ಎಳೆತ, ಓಟ ಫೋನ್‌ಗೆ ಗೊತ್ತಾಗಿ ತಾನೇ ಲಾಕ್ ಆಗುವ ವ್ಯವಸ್ಥೆ ಇದು. ಅಲ್ಲೇ ರಿಮೋಟ್ ಲಾಕ್ ಇದೆ, ಅದನ್ನೂ ಆನ್ ಮಾಡಿ. ಬೇರೆಯವರ ಫೋನ್‌ನಿಂದ ಗೂಗಲ್‌ನ ರಿಮೋಟ್ ಲಾಕ್ ಪುಟಕ್ಕೆ ಹೋಗಿ ಬರೀ ನಿಮ್ಮ ನಂಬರ್ ಹಾಕಿ ಲಾಕ್ ಮಾಡಬಹುದು, ಪಾಸ್‌ವರ್ಡ್ ಕೂಡ ಬೇಕಿಲ್ಲ. ಐಫೋನ್ ಇರುವವರು ಸ್ಟೋಲನ್ ಡಿವೈಸ್ ಪ್ರೊಟೆಕ್ಷನ್ ಆನ್ ಮಾಡಿ, 2024ರ ಜನವರಿಯಲ್ಲಿ ಬಂದಿದ್ದು. ಕಳೆದ ಫೋನ್ ಎಲ್ಲಿದೆ ಅಂತ ತೋರಿಸುವ ಫೈಂಡ್ ಮೈ ಕೂಡ ಆನ್ ಇದೆಯಾ ನೋಡಿ. ಆಂಡ್ರಾಯ್ಡ್‌ನಲ್ಲಿ ಇದರ ಹೆಸರು ಮೊದಲು ಫೈಂಡ್ ಮೈ ಡಿವೈಸ್, ಈಗ ಫೈಂಡ್ ಹಬ್.

ಸಿಮ್‌ಗೂ ಒಂದು ಬೀಗ

ಫೋನ್‌ಗೆ ಎಷ್ಟೇ ಬೀಗ ಹಾಕಿದರೂ ಕಳ್ಳ ಒಂದು ಪಿನ್ ಚುಚ್ಚಿ ಸಿಮ್ ಹೊರಗೆ ತೆಗೆದು ತನ್ನ ಫೋನ್‌ಗೆ ಹಾಕಿದರೆ ನಿಮ್ಮ ಒಟಿಪಿಗಳೆಲ್ಲ ಅವನಿಗೆ ಬರುತ್ತವೆ. ಮೇಲ್, ವಾಟ್ಸಾಪ್, ಬ್ಯಾಂಕ್ ಎಲ್ಲದರ ಬಾಗಿಲೂ ಒಟಿಪಿಯಿಂದಲೇ ತೆರೆಯುವುದು. ಇದಕ್ಕೆ ಪರಿಹಾರ ಸಿಮ್ ಪಿನ್. ಸೆಟ್ಟಿಂಗ್ಸ್‌ನಲ್ಲಿ ಸಿಮ್ ಲಾಕ್ ಅಂತ ಹುಡುಕಿದರೆ ಸಿಗುತ್ತದೆ.

ಆದರೆ ಅವಸರ ಮಾಡಬೇಡಿ. ಆನ್ ಮಾಡುವಾಗ ಸಿಮ್ ಜೊತೆ ಬಂದ ಹಳೇ ಪಿನ್ ಕೇಳುತ್ತದೆ, ಅದು ಒಂದೊಂದು ಕಂಪನಿಗೆ ಒಂದೊಂದು. ಊಹೆ ಮಾಡಿ ಒತ್ತಬೇಡಿ. ಮೂರು ಸಲ ತಪ್ಪಾದರೆ ಸಿಮ್ ಲಾಕ್ ಆಗಿ ಪಿಯುಕೆ (ಲಾಕ್ ಆದ ಸಿಮ್ ತೆರೆಯುವ ಕೋಡ್) ಕೇಳುತ್ತದೆ, ಪಿಯುಕೆ 10 ಸಲ ತಪ್ಪಾದರೆ ಸಿಮ್ಮೇ ಹೋಯಿತು, ಹೊಸದು ತರಬೇಕು. ಮೊದಲು ಕಸ್ಟಮರ್ ಕೇರ್‌ಗೆ ಮಾಡಿ ಪಿನ್ ಮತ್ತು ಪಿಯುಕೆ ಎರಡೂ ಕೇಳಿ ಬರೆದುಕೊಳ್ಳಿ. ಆಮೇಲೆ ನಿಮ್ಮದೇ ಪಿನ್ ಇಡಿ. ಫೋನ್ ಆಫ್ ಮಾಡಿ ಆನ್ ಮಾಡಿದಾಗ, ಇಲ್ಲ ಸಿಮ್ ಬೇರೆ ಫೋನ್‌ಗೆ ಹಾಕಿದಾಗ ಮಾತ್ರ ಕೇಳುತ್ತದೆ, ದಿನಾ ಏನೂ ತೊಂದರೆ ಇಲ್ಲ. ವಯಸ್ಸಾದವರ ಫೋನಾದರೆ ಆ ಪಿನ್ ಮನೆಯಲ್ಲಿ ಇನ್ನೊಬ್ಬರಿಗೂ ಗೊತ್ತಿರಲಿ.

ಸಿಮ್ ವಿಷಯ ಬಂದಿದ್ದಕ್ಕೆ ಇದನ್ನೂ ಹೇಳಿಬಿಡುತ್ತೇನೆ. ನಿಮ್ಮ ಹೆಸರಲ್ಲಿ ಎಷ್ಟು ಸಿಮ್ ಇವೆ ಅಂತ ಸಂಚಾರ್ ಸಾಥಿಯಲ್ಲಿ ನೋಡಬಹುದು. ನಿಮ್ಮದಲ್ಲದ ನಂಬರ್ ಕಂಡರೆ ಅಲ್ಲೇ "ನನ್ನದಲ್ಲ" ಅಂತ ದೂರು ಕೊಡಬಹುದು. ಕರ್ನಾಟಕದಲ್ಲಿ ಒಬ್ಬರ ಹೆಸರಲ್ಲಿ 9 ಸಿಮ್‌ವರೆಗೆ ಇರಬಹುದು. ನಿಮ್ಮ ಆಧಾರ್ ಜೆರಾಕ್ಸ್ ಎಲ್ಲೆಲ್ಲಿ ಕೊಟ್ಟಿದ್ದೀರೋ ಅಲ್ಲೆಲ್ಲ ಒಂದೊಂದು ಸಿಮ್ ಹುಟ್ಟಿರಬಹುದು.

ಕನ್ನಡ, ಅಕ್ಷರದ ಗಾತ್ರ

ಸೆಟ್ಟಿಂಗ್ಸ್‌ನಲ್ಲಿ ಭಾಷೆ ಅನ್ನುವ ಕಡೆ ಹೋದರೆ ಪಟ್ಟಿಯಲ್ಲಿ ಕನ್ನಡ ಕನ್ನಡದಲ್ಲೇ ಬರೆದಿರುತ್ತದೆ. ಅಪ್ಪ ಅಮ್ಮನ ಫೋನ್‌ಗೆ ಖಂಡಿತ ಇದನ್ನು ಮಾಡಿ. ಫೋನ್ ಏನು ಕೇಳುತ್ತಿದೆ ಅಂತ ಓದಿ ತಿಳಿಯದೆ ಸುಮ್ನೆ ಓಕೆ ಓಕೆ ಅಂತ ಒತ್ತುತ್ತಾ ಹೋಗುವುದರಿಂದಲೇ ಅರ್ಧ ಅನಾಹುತ ಆಗುವುದು. ಅಕ್ಷರ ದೊಡ್ಡದು ಮಾಡಿ. ಗೂಗಲ್‌ನ ಕೀಬೋರ್ಡ್ ಆದ ಜಿಬೋರ್ಡ್‌ನಲ್ಲಿ ಕನ್ನಡ ಸೇರಿಸಿದರೆ ಕನ್ನಡ ಕೀಲಿಗಳೂ ಇವೆ, ಇಂಗ್ಲಿಷ್ ಅಕ್ಷರ ಒತ್ತಿದರೆ ಕನ್ನಡ ಬರುವುದೂ ಇದೆ. ಟೈಪ್ ಮಾಡಲು ಬೇಜಾರಾದವರು ಮೈಕ್ ಒತ್ತಿ ಕನ್ನಡದಲ್ಲೇ ಮಾತಾಡಿದರೆ ಬರೆದುಕೊಳ್ಳುತ್ತದೆ, ಚೆನ್ನಾಗಿಯೇ ಬರೆದುಕೊಳ್ಳುತ್ತದೆ.

ಅಪ್‌ಡೇಟ್ ಮತ್ತು ಬ್ಯಾಕಪ್

ಡಬ್ಬದಿಂದ ತೆಗೆದ ದಿನವೇ ವೈಫೈಗೆ ಹಾಕಿ ಸಿಸ್ಟಮ್ ಅಪ್‌ಡೇಟ್ ಮುಗಿಸಿ. ಕೊಳ್ಳುವ ಮುಂಚೆ ಎಷ್ಟು ವರ್ಷ ಸೆಕ್ಯೂರಿಟಿ ಅಪ್‌ಡೇಟ್ ಕೊಡುತ್ತಾರೆ ಅಂತ ಕೇಳುವ ಅಭ್ಯಾಸ ಇಟ್ಟುಕೊಳ್ಳಿ. ಪಿಕ್ಸೆಲ್ 8, ಗ್ಯಾಲಕ್ಸಿ ಎಸ್24 ಥರದ ದುಬಾರಿ ಫೋನ್‌ಗಳಿಗೆ 7 ವರ್ಷ ಅಂತ ಕಂಪನಿಯೇ ಹೇಳಿದೆ, ಕಮ್ಮಿ ಬೆಲೆಯವಕ್ಕೆ ಅಷ್ಟು ಇರುವುದಿಲ್ಲ. ನನಗೆ ಕ್ಯಾಮೆರಾ ಮೆಗಾಪಿಕ್ಸೆಲ್‌ಗಿಂತ ಇದು ಮುಖ್ಯ.

ಬ್ಯಾಕಪ್ ಆನ್ ಮಾಡಿ. ಗೂಗಲ್ ಪುಕ್ಕಟೆ ಕೊಡುವುದು 15 ಜಿಬಿ, ಅದರಲ್ಲೇ ಮೇಲ್, ಫೋಟೊ, ವಾಟ್ಸಾಪ್ ಎಲ್ಲ ಹಂಚಿಕೊಳ್ಳಬೇಕು. ವಾಟ್ಸಾಪಿನಲ್ಲಿ ಬರುವ ಗುಡ್ ಮಾರ್ನಿಂಗ್ ವಿಡಿಯೊಗಳೇ ಅರ್ಧ ತಿಂದುಬಿಡುತ್ತವೆ, ಬ್ಯಾಕಪ್ ಸೆಟ್ಟಿಂಗ್‌ನಲ್ಲಿ ವಿಡಿಯೊ ಬೇಡ ಅಂತ ಹೇಳಿ.

ವಾಟ್ಸಾಪ್

ಟೂ ಸ್ಟೆಪ್ ವೆರಿಫಿಕೇಶನ್‌ನಲ್ಲಿ 6 ಅಂಕಿಯ ಪಿನ್ ಇಡಿ, ಇಮೇಲ್ ಕೂಡ ಕೊಡಿ. ಲಿಂಕ್ಡ್ ಡಿವೈಸಸ್ ತೆರೆದು ನೋಡಿ, ನಿಮಗೆ ಗೊತ್ತಿಲ್ಲದ ಕಂಪ್ಯೂಟರ್ ಇದ್ದರೆ ತೆಗೆದುಹಾಕಿ. ಜೆರಾಕ್ಸ್ ಅಂಗಡಿಯಲ್ಲಿ ಅವರ ಕಂಪ್ಯೂಟರಿನಲ್ಲಿ ವಾಟ್ಸಾಪ್ ವೆಬ್ ತೆರೆದು ಪ್ರಿಂಟ್ ತೆಗೆದವರು ಹಾಗೇ ಎದ್ದು ಬಂದಿರುತ್ತಾರೆ.

ಜೆರಾಕ್ಸ್ ಅಂಗಡಿ ಬಗ್ಗೆ ಇನ್ನೊಂದು ಮಾತು. ಬಾಡಿಗೆ ಕರಾರಿಗೆ, ಸ್ಕೂಲ್ ಅಡ್ಮಿಶನ್‌ಗೆ, ಗ್ಯಾಸ್ ಕನೆಕ್ಷನ್‌ಗೆ ಅಂತ ಆಧಾರ್, ಪ್ಯಾನ್ ಎರಡನ್ನೂ ಅಂಗಡಿಯವರ ನಂಬರಿಗೆ ಕಳಿಸಿ ಪ್ರಿಂಟ್ ತೆಗೆಸುತ್ತೇವೆ, ಅದು ಅಲ್ಲೇ ಉಳಿಯುತ್ತದೆ. ಪ್ರಿಂಟ್ ಬಂದ ತಕ್ಷಣ ಎದುರಿಗೇ ಡಿಲೀಟ್ ಫಾರ್ ಎವೆರಿಒನ್ ಒತ್ತಿ, ಅವರ ಡೌನ್‌ಲೋಡ್ ಫೋಲ್ಡರಿನಿಂದಲೂ ತೆಗೆಯಲು ಹೇಳಿ. ಕೇಳುವುದಕ್ಕೆ ಸಂಕೋಚ ಬೇಡ. ಸಾಧ್ಯವಾದ ಕಡೆಯೆಲ್ಲ ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ, ಆಧಾರ್ ವೆಬ್‌ಸೈಟಲ್ಲೇ ಸಿಗುತ್ತದೆ. ಗ್ಯಾಲರಿಯಲ್ಲಿ ಆಧಾರ್, ಡಿಎಲ್, ಆರ್‌ಸಿ ಫೋಟೊ ಇಟ್ಟುಕೊಳ್ಳುವ ಬದಲು ಸರ್ಕಾರದ ಡಿಜಿಲಾಕರ್ ಆ್ಯಪ್‌ಗೆ ತರಿಸಿಕೊಳ್ಳಿ. ಟ್ರಾಫಿಕ್ ಪೊಲೀಸರಿಗೆ ಡಿಎಲ್, ಆರ್‌ಸಿ ಅದರಲ್ಲಿ ತೋರಿಸಿದರೆ ಅಸಲಿ ತೋರಿಸಿದ ಹಾಗೇ ಲೆಕ್ಕ.

ಯಾವ ಆ್ಯಪ್ ಬೇಕು, ಯಾವುದು ಬೇಡ

ಪ್ಲೇ ಸ್ಟೋರ್ ಅಥವಾ ಆ್ಯಪ್ ಸ್ಟೋರ್ ಬಿಟ್ಟು ಬೇರೆಲ್ಲಿಂದಲೂ ಹಾಕಬೇಡಿ. ಈಗ ನಡೆಯುತ್ತಿರುವ ಮೋಸದಲ್ಲಿ ಎಪಿಕೆ, ಅಂದರೆ ಆ್ಯಪ್ ಇನ್‌ಸ್ಟಾಲ್ ಮಾಡುವ ಫೈಲ್‌ನ ಪಾಲು ದೊಡ್ಡದು. ವಾಟ್ಸಾಪಿನಲ್ಲಿ ಮದುವೆ ಕರೆಯೋಲೆ ಅಂತ ಒಂದು ಫೈಲ್ ಬರುತ್ತದೆ, ಅದೂ ಗೊತ್ತಿರುವವರ ನಂಬರಿನಿಂದಲೇ, ಯಾಕೆಂದರೆ ಅವರ ಫೋನ್ ಆಗಲೇ ಸಿಕ್ಕಿಬಿದ್ದಿರುತ್ತದೆ. ಇಲ್ಲದಿದ್ದರೆ "ನಿಮ್ಮ ಗಾಡಿ ಸಿಗ್ನಲ್ ಜಂಪ್ ಮಾಡಿದೆ, ದಂಡ ನೋಡಿ" ಅಂತ ಬರುತ್ತದೆ. ಬೆಂಗಳೂರಲ್ಲಿ ಗಾಡಿ ಓಡಿಸುವ ಯಾರಿಗೆ ತಾನೇ ಒಂದು ಕ್ಷಣ ಹೌದಿರಬಹುದು ಅನಿಸುವುದಿಲ್ಲ? ತೆರೆದರೆ ಆ್ಯಪ್ ಇನ್‌ಸ್ಟಾಲ್ ಆಗುತ್ತದೆ, ಮೆಸೇಜ್ ಓದಲು ಅನುಮತಿ ಕೇಳುತ್ತದೆ, ಕೊಟ್ಟರೆ ಒಟಿಪಿಗಳೆಲ್ಲ ಅವರ ಕೈಗೆ. ಫೈಲ್ ಹೆಸರಿನ ಕೊನೆಯಲ್ಲಿ ಎಪಿಕೆ ಅಂತ ಇದ್ದರೆ ಕಳಿಸಿದವರು ಸ್ವಂತ ಅಣ್ಣನೇ ಆದರೂ ಮುಟ್ಟಬೇಡಿ, ಅವರಿಗೆ ಫೋನ್ ಮಾಡಿ ಎಚ್ಚರಿಸಿ. ದಂಡ ಇದೆಯಾ ಅಂತ ನೋಡಬೇಕಾದರೆ ಸಂಚಾರ ಪೊಲೀಸರ ವೆಬ್‌ಸೈಟ್ ಇದೆ, ಬೆಂಗಳೂರು ಒನ್ ಕೇಂದ್ರಗಳಿವೆ.

ಸೆಟ್ಟಿಂಗ್ಸ್‌ನಲ್ಲಿ ಇನ್‌ಸ್ಟಾಲ್ ಅನ್‌ನೋನ್ ಆ್ಯಪ್ಸ್ ಅಂತ ಹುಡುಕಿ. ಕ್ರೋಮ್, ವಾಟ್ಸಾಪ್, ಫೈಲ್ಸ್ ಎಲ್ಲದಕ್ಕೂ ಅನುಮತಿ ಇಲ್ಲ ಅಂತ ಇರಬೇಕು. ಕೆಟ್ಟ ಆ್ಯಪ್‌ಗಳನ್ನು ಹಿಡಿಯುವ ಗೂಗಲ್‌ನ ಪ್ಲೇ ಪ್ರೊಟೆಕ್ಟ್ ಆಫ್ ಮಾಡಿ ಅಂತ ಯಾರಾದರೂ ಹೇಳಿದರೆ ಅಲ್ಲಿಗೇ ನಿಲ್ಲಿಸಿ.

ಅನುಮತಿ ಕೊಡುವಾಗ ಒಂದು ಪ್ರಶ್ನೆ ಕೇಳಿಕೊಳ್ಳಿ, ಈ ಆ್ಯಪಿನ ಕೆಲಸಕ್ಕೆ ಇದು ಬೇಕಾ? ಆಟೊ ಕರೆಯುವ ಆ್ಯಪ್‌ಗೆ ಲೊಕೇಶನ್ ಬೇಕು. ಟಾರ್ಚ್ ಆ್ಯಪ್‌ಗೆ ನಿಮ್ಮ ಕಾಂಟ್ಯಾಕ್ಟ್ಸ್ ಯಾಕೆ? ಸಾಲದ ಆ್ಯಪ್‌ಗಳ ಬಗ್ಗೆ ಜಾಸ್ತಿ ಎಚ್ಚರ ಇರಲಿ. ಕಾಂಟ್ಯಾಕ್ಟ್ಸ್, ಕಾಲ್ ಲಾಗ್, ಫೈಲ್‌ಗಳನ್ನು ಅವು ಮುಟ್ಟಬಾರದು ಅಂತ ರಿಸರ್ವ್ ಬ್ಯಾಂಕ್ 2022ರಲ್ಲೇ ಹೇಳಿದೆ. ಕೇಳಿತು ಅಂದರೆ ಅದು ನಿಯಮ ಪಾಲಿಸುವ ಆ್ಯಪ್ ಅಲ್ಲ. ನಾಳೆ ನಿಮ್ಮ ಬಂಧುಗಳಿಗೆಲ್ಲ ಫೋನ್ ಮಾಡಿ ಮಾನ ಕಳೆಯುವುದು ಆ ಪಟ್ಟಿ ಇಟ್ಟುಕೊಂಡೇ. ಎನಿಡೆಸ್ಕ್, ಟೀಮ್‌ವ್ಯೂವರ್ ಥರದ ಪರದೆ ಹಂಚಿಕೊಳ್ಳುವ ಆ್ಯಪ್ ಹಾಕಿ ಅಂತ ಫೋನಿನಲ್ಲಿ ಯಾರು ಹೇಳಿದರೂ ಬೇಡ.

ದುಡ್ಡಿನ ಆ್ಯಪ್‌ಗಳು, ಈಗ

ಮೇಲಿನದ್ದೆಲ್ಲ ಮುಗಿದ ಮೇಲೆ ಯುಪಿಐ ಹಾಕಿ. ಹೊಸ ಫೋನ್‌ನಲ್ಲಿ ಹಾಕಿದ ಮೊದಲ 24 ಗಂಟೆ ಸಾಮಾನ್ಯವಾಗಿ 5,000 ರೂಪಾಯಿಗಿಂತ ಜಾಸ್ತಿ ಕಳಿಸಲು ಆಗುವುದಿಲ್ಲ, ಐಫೋನ್‌ನಲ್ಲಿ ಇನ್ನೂ ಜಾಸ್ತಿ ಹೊತ್ತು ಕಾಯಬೇಕಾಗಬಹುದು. ಹಾಗಾಗಿ ಬಾಡಿಗೆಯನ್ನೋ ಮನೆಯ ಅಡ್ವಾನ್ಸನ್ನೋ ಕಟ್ಟುವ ದಿನ ಫೋನ್ ಬದಲಾಯಿಸಬೇಡಿ.

ಆದರೆ ಸಂಬಳ, ಉಳಿತಾಯ ಎಲ್ಲ ಇರುವ ಖಾತೆಯನ್ನು ಯುಪಿಐಗೆ ಜೋಡಿಸಬೇಡಿ. ಇನ್ನೊಂದು ಖಾತೆ ತೆರೆದು, ತಿಂಗಳ ತರಕಾರಿ, ಹಾಲು, ಆಟೊ ಖರ್ಚಿಗೆ ಬೇಕಾದಷ್ಟು ಅದರಲ್ಲಿ ಇಟ್ಟು, ಅದನ್ನು ಮಾತ್ರ ಜೋಡಿಸಿ. ಏನೇ ಆದರೂ ಹೋಗುವುದು ಅಷ್ಟೇ. ಮೊದಲೇ ಸ್ವಲ್ಪ ದುಡ್ಡು ತುಂಬಿಟ್ಟುಕೊಳ್ಳುವ ಯುಪಿಐ ಲೈಟ್‌ನಲ್ಲಿ ಸಣ್ಣ ಮೊತ್ತಕ್ಕೆ ಪಿನ್ ಕೇಳುವುದಿಲ್ಲ ಅನ್ನುವುದೂ ನೆನಪಿರಲಿ, ಅದರಲ್ಲಿ ಜಾಸ್ತಿ ತುಂಬಬೇಡಿ.

ದುಡ್ಡು ಬರುವುದಕ್ಕೆ ಪಿನ್ ಬೇಡವೇ ಬೇಡ, ಪಿನ್ ಒತ್ತಿದರೆ ದುಡ್ಡು ಹೋಗುತ್ತದೆ. ಇದನ್ನು ಮನೆಯವರಿಗೆಲ್ಲ ಹೇಳಿ. ಮನೆ ಖಾಲಿ ಮಾಡುವಾಗ ಹಳೇ ಸೋಫಾ, ವಾಷಿಂಗ್ ಮಷಿನ್ ಮಾರಲು ಆನ್‌ಲೈನ್‌ನಲ್ಲಿ ಹಾಕುತ್ತೀರಿ, ಐದೇ ನಿಮಿಷದಲ್ಲಿ ಒಬ್ಬ ಫೋನ್ ಮಾಡಿ ಚೌಕಾಸಿಯೇ ಇಲ್ಲದೆ ಒಪ್ಪಿಕೊಂಡು, "ನಾನು ಸೈನ್ಯದಲ್ಲಿದ್ದೇನೆ, ಕ್ಯೂಆರ್ ಕಳಿಸಿದ್ದೇನೆ, ಸ್ಕ್ಯಾನ್ ಮಾಡಿದರೆ ದುಡ್ಡು ಬರುತ್ತದೆ" ಅನ್ನುತ್ತಾನೆ. ಬರುವುದಿಲ್ಲ, ಹೋಗುತ್ತದೆ. ಜನರ ನಡುವಿನ ದುಡ್ಡು ಕೇಳುವ ರಿಕ್ವೆಸ್ಟ್‌ಗಳನ್ನು 2025ರ ಅಕ್ಟೋಬರ್ 1ರಿಂದ ಯುಪಿಐನಲ್ಲಿ ನಿಲ್ಲಿಸಿದ್ದಾರೆ, ಆದರೆ ಕ್ಯೂಆರ್ ಮೋಸ ನಿಂತಿಲ್ಲ.

ಕರೆಗಳು

"ಇವತ್ತು ರಾತ್ರಿ 9.30ಕ್ಕೆ ನಿಮ್ಮ ಕರೆಂಟ್ ಕಟ್ ಮಾಡುತ್ತೇವೆ, ಈ ನಂಬರಿಗೆ ಫೋನ್ ಮಾಡಿ" ಅಂತ ಯಾವುದೋ ಮೊಬೈಲ್ ನಂಬರಿನಿಂದ ಮೆಸೇಜ್ ಬಂದರೆ ಅದು ಬೆಸ್ಕಾಂ ಅಲ್ಲ. ಅನುಮಾನ ಇದ್ದರೆ ನೀವೇ ಬೆಸ್ಕಾಂ ಸಹಾಯವಾಣಿ 1912ಕ್ಕೆ ಮಾಡಿ ಕೇಳಿ. ಯಾವುದೇ ಕರೆಗೂ ಇದೇ ಉಪಾಯ: ಅವರು ಕೊಟ್ಟ ನಂಬರಿಗೆ ಮಾಡಬೇಡಿ, ಬಿಲ್ ಮೇಲೆ ಅಥವಾ ಎಟಿಎಂ ಕಾರ್ಡಿನ ಹಿಂದೆ ಇರುವ ನಂಬರಿಗೆ ಮಾಡಿ.

ಕೊರಿಯರ್‌ನವರು ಅಂತ ಹೇಳಿಕೊಂಡು ಶುರುವಾಗಿ, "ನಿಮ್ಮ ಪಾರ್ಸೆಲ್‌ನಲ್ಲಿ ಡ್ರಗ್ಸ್ ಸಿಕ್ಕಿದೆ" ಅಂತ ಹೆದರಿಸಿ, ವಿಡಿಯೊ ಕಾಲ್‌ನಲ್ಲಿ ಪೊಲೀಸ್ ಡ್ರೆಸ್ ಹಾಕಿಕೊಂಡವನು ಬಂದು "ಡಿಜಿಟಲ್ ಅರೆಸ್ಟ್" ಅನ್ನುವ ಕರೆಗಳು ಬೆಂಗಳೂರಲ್ಲಿ ಬಹಳ ಜನರನ್ನು, ಅದರಲ್ಲೂ ಓದಿದವರನ್ನು, ನಿವೃತ್ತರಾದವರನ್ನು ಬೀದಿಗೆ ತಂದಿವೆ. ನಮ್ಮ ಕಾನೂನಿನಲ್ಲಿ ಡಿಜಿಟಲ್ ಅರೆಸ್ಟ್ ಅಂತ ಒಂದಿಲ್ಲ. ಯಾವ ಪೊಲೀಸರೂ ವಿಡಿಯೊ ಕಾಲ್‌ನಲ್ಲಿ ಬಂಧಿಸುವುದಿಲ್ಲ, ತನಿಖೆಗೆ ಅಂತ ದುಡ್ಡು ಹಾಕಿಸಿಕೊಳ್ಳುವುದಿಲ್ಲ. "ಮನೆಯವರಿಗೆ ಹೇಳಬೇಡಿ" ಅಂದ ತಕ್ಷಣ ಫೋನ್ ಇಟ್ಟು ಮನೆಯವರಿಗೆ ಹೇಳಿ. ಅಮ್ಮಂದಿರಿಗೆ, ಅಜ್ಜಂದಿರಿಗೆ ಇದನ್ನು ಒಂದು ಸಲ ಹೇಳಿ ಬಿಡಬೇಡಿ, ತಿಂಗಳಿಗೊಮ್ಮೆ ನೆನಪಿಸಿ.

"ಡೆಲಿವರಿ ಹುಡುಗನ ನಂಬರ್, ಹೀಗೆ ಒತ್ತಿ" ಅಂತ ಹೇಳಿ *401* ಅಥವಾ *21* ಇಂದ ಶುರುವಾಗುವ ಕೋಡ್ ಒತ್ತಿಸಿದರೆ ನಿಮ್ಮ ಕರೆಗಳು ಅವರಿಗೆ ಹೋಗುತ್ತವೆ. ಕರೆಗಳು ಬೇರೆ ಕಡೆ ಹೋಗುತ್ತಿವೆಯಾ ಅಂತ *#21# ಒತ್ತಿ ನೋಡಿ, ಅನುಮಾನ ಬಂದರೆ ##002# ಒತ್ತಿ ಎಲ್ಲ ಫಾರ್ವರ್ಡ್ ರದ್ದು ಮಾಡಿ.

ಚಾರ್ಜ್, ಬಿಸಿಲು, ಮಳೆ

ಬ್ಯಾಟರಿಗೆ ದೊಡ್ಡ ಶತ್ರು ಬಿಸಿ. ಆಟೊ, ಕ್ಯಾಬ್ ಓಡಿಸುವ ಅಣ್ಣಂದಿರು, ಡೆಲಿವರಿ ಹುಡುಗರು ಫೋನನ್ನು ಬಿಸಿಲಿಗೆ ನೇರ ಕಟ್ಟಿ, ಮ್ಯಾಪ್ ಹಾಕಿ, ಚಾರ್ಜಿಗೂ ಹಾಕಿರುತ್ತಾರೆ. ಮೂರೂ ಒಟ್ಟಿಗೆ ಬೇಡ, ಚಾರ್ಜನ್ನು ನೆರಳಲ್ಲಿ ನಿಂತಾಗ ಮಾಡಿ. ಬೈಕಿನ ಹ್ಯಾಂಡಲ್‌ಗೆ ಕಟ್ಟಿದರೆ ಎಂಜಿನ್ನಿನ ಅದುರುವಿಕೆಯಿಂದ ಕ್ಯಾಮೆರಾ ಹಾಳಾಗಬಹುದು ಅಂತ ಆಪಲ್ ಕಂಪನಿಯೇ 2021ರಲ್ಲಿ ಹೇಳಿದೆ, ನಮ್ಮ ರಸ್ತೆ ಗುಂಡಿಗಳು ಬೇರೆ. ಅದುರುವಿಕೆ ತಡೆಯುವ ಹೋಲ್ಡರ್ ತೆಗೆದುಕೊಳ್ಳಿ.

ಮಳೆಯಲ್ಲಿ ನೆನೆದರೆ ಆಫ್ ಮಾಡಿ, ಒರೆಸಿ, ಪೂರ್ತಿ ಒಣಗುವವರೆಗೂ ಚಾರ್ಜಿಗೆ ಹಾಕಬೇಡಿ. ಅಕ್ಕಿ ಡಬ್ಬದಲ್ಲಿ ಹೂತಿಡುವುದರಿಂದ ಉಪಯೋಗ ಇಲ್ಲ, ಧೂಳು ಒಳಗೆ ಹೋಗುತ್ತದೆ. ಫ್ಯಾನ್ ಕೆಳಗೆ ಇಡಿ. ತಲೆದಿಂಬಿನ ಕೆಳಗೆ ಇಟ್ಟು ಚಾರ್ಜ್ ಮಾಡುವುದು ಬೇಡ.

ಕಳೆದೇ ಹೋದರೆ

ಇದನ್ನು ಬರೆದು ಫ್ರಿಜ್ ಮೇಲೆ ಅಂಟಿಸಿ.

ಮೊದಲು ಬೇರೆಯವರ ಫೋನ್‌ನಿಂದ ಲಾಕ್ ಮಾಡಿ, ಎಲ್ಲಿದೆ ನೋಡಿ. ಸಿಮ್ ಬ್ಲಾಕ್ ಮಾಡುವುದು ಅದಾದ ಮೇಲೆ. ಸಿಮ್ ಮೊದಲೇ ಬ್ಲಾಕ್ ಮಾಡಿದರೆ ಫೋನಿನ ಇಂಟರ್‌ನೆಟ್ ಹೋಗಿ ನಿಮ್ಮ ಲಾಕ್ ಆದೇಶ ಅದಕ್ಕೆ ತಲುಪುವುದೇ ಇಲ್ಲ. ಆದರೆ ಐದು ನಿಮಿಷಕ್ಕಿಂತ ಜಾಸ್ತಿ ಕಾಯಬೇಡಿ. ನಕ್ಷೆಯಲ್ಲಿ ಕಂಡಿತು ಅಂತ ಒಬ್ಬರೇ ಹುಡುಕಿಕೊಂಡು ಹೋಗಬೇಡಿ, ಪೊಲೀಸರಿಗೆ ತೋರಿಸಿ. ಆಮೇಲೆ ಸಿಮ್ ಕಂಪನಿಗೆ, ಬ್ಯಾಂಕಿಗೆ ಫೋನ್ ಮಾಡಿ ಸಿಮ್, ಯುಪಿಐ, ನೆಟ್ ಬ್ಯಾಂಕಿಂಗ್ ನಿಲ್ಲಿಸಿ.

ದುಡ್ಡು ಹೋಗಿದೆ ಅಂತ ಗೊತ್ತಾದರೆ ತಕ್ಷಣ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಮೋಸ ಹೋಗಿ ಕಳಿಸಿದ್ದಾದರೂ ಇದೇ ನಂಬರ್. ಹೋದ ದುಡ್ಡು ಒಂದು ಖಾತೆಯಿಂದ ಇನ್ನೊಂದಕ್ಕೆ ಹರಿದು ಹಂಚಿಹೋಗುವ ಮುಂಚೆ ತಡೆಯಲು ಸಿಗುವುದು ಮೊದಲ ಒಂದೆರಡು ಗಂಟೆ ಮಾತ್ರ. ನಾಚಿಕೆಯಿಂದ ರಾತ್ರಿ ಕಳೆಯಬೇಡಿ, ಯಾವಾಗ ಹೋಯಿತು, ಎಷ್ಟು, ಟ್ರಾನ್ಸಾಕ್ಷನ್ ನಂಬರ್ ಏನು ಇಷ್ಟು ಇಟ್ಟುಕೊಂಡು ಮಾಡಿ. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲೂ ದೂರು ಹಾಕಬಹುದು.

ಫೋನ್ ಹೋಗಿದ್ದಕ್ಕೆ ಠಾಣೆಯಲ್ಲಿ ದೂರು ಕೊಟ್ಟು ಪ್ರತಿ ತೆಗೆದುಕೊಳ್ಳಿ. ಅದೇ ನಂಬರಿನ ಹೊಸ ಸಿಮ್ ತೆಗೆಸಿ. ಹೊಸ ಸಿಮ್‌ಗೆ ಮೊದಲ 24 ಗಂಟೆ ಎಸ್‌ಎಂಎಸ್ ಬರುವುದಿಲ್ಲ, ಗಾಬರಿ ಬೇಡ. ಎಸ್‌ಎಂಎಸ್ ಬರಲು ಶುರುವಾದ ಮೇಲೆ ದೂರಿನ ಪ್ರತಿ, ಬಿಲ್, ಗುರುತಿನ ಚೀಟಿ, ಐಎಂಇಐ ಇಟ್ಟುಕೊಂಡು ಸಂಚಾರ್ ಸಾಥಿಯಲ್ಲಿ ಕಳೆದ ಫೋನ್‌ಗಳನ್ನು ಬ್ಲಾಕ್ ಮಾಡುವ ಸಿಇಐಆರ್ ವಿಭಾಗದಲ್ಲಿ ಫೋನ್ ಬ್ಲಾಕ್ ಮಾಡಿ. ಆಮೇಲೆ ಅದು ದೇಶದ ಯಾವ ನೆಟ್‌ವರ್ಕ್‌ನಲ್ಲೂ ನಡೆಯುವುದಿಲ್ಲ, ಯಾರಾದರೂ ಸಿಮ್ ಹಾಕಿದರೆ ಪೊಲೀಸರಿಗೆ ಸುಳಿವು ಸಿಗುತ್ತದೆ. ಸಿಕ್ಕರೆ ಅಲ್ಲೇ ಬ್ಲಾಕ್ ತೆಗೆಯಬಹುದು.

ಕೆಲವು ದಿನ ಬಿಟ್ಟು "ನಿಮ್ಮ ಫೋನ್ ಸಿಕ್ಕಿದೆ, ಎಲ್ಲಿದೆ ನೋಡಲು ಈ ಲಿಂಕ್ ಒತ್ತಿ" ಅಂತ ಮೆಸೇಜ್ ಬರಬಹುದು. ಕಳಿಸಿದ್ದು ಕಳ್ಳನ ಕಡೆಯವರೇ, ಬೀಗ ತೆಗೆಯಲು ನಿಮ್ಮ ಪಾಸ್‌ವರ್ಡ್ ಬೇಕು ಅವರಿಗೆ. ನಿಮ್ಮ ಅಕೌಂಟಿನಿಂದ ಆ ಫೋನನ್ನು ತೆಗೆಯಲೂಬೇಡಿ, ತೆಗೆದರೆ ಅವರಿಗೆ ದಾರಿ ಸಲೀಸು.

ಹಳೇ ಫೋನ್

ಎಕ್ಸ್‌ಚೇಂಜ್‌ಗೆ ಕೊಡುವ ಮುಂಚೆ ಹೊಸದರಲ್ಲಿ ಎಲ್ಲ ನಡೆಯುತ್ತಿದೆಯಾ ಒಂದು ವಾರ ನೋಡಿ. ಆಮೇಲೆ ಹಳೆಯದರಲ್ಲಿ ಬ್ಯಾಂಕ್, ಯುಪಿಐ ಆ್ಯಪ್‌ಗಳಿಂದ ಹೊರಬಂದು, ಗೂಗಲ್ ಅಥವಾ ಆಪಲ್ ಅಕೌಂಟ್ ತೆಗೆದು, ಅದಾದ ಮೇಲೆ ರಿಸೆಟ್ ಮಾಡಿ. ಸಿಮ್ ತಟ್ಟೆ ಎಳೆದು ನೋಡಿ, ಮೆಮೊರಿ ಕಾರ್ಡ್ ಅದರಲ್ಲೇ ಉಳಿದಿರುತ್ತದೆ. ಬ್ಯಾಟರಿ ಉಬ್ಬಿದ್ದರೆ ಕಸದ ಆಟೊಗೆ ಹಾಕಬೇಡಿ, ಚುಚ್ಚಬೇಡಿ, ಚಾರ್ಜಿಗೂ ಹಾಕಬೇಡಿ. ಆ ಕಂಪನಿಯ ಸರ್ವಿಸ್ ಸೆಂಟರಿಗೋ ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೋ ಕೊಡಿ.